ಸತ್ಯಾಂಶ: ಜೇನಿನ ವೇಷ ಹಾಕಿದ ನೊಣ
ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಸುತ್ತುತ್ತಿದೆ. ರೋಮ ತುಂಬಿದ ಕಂದು ಮೈ, ಸೂಜಿಯಂಥ ಮೂತಿ. ‘ಇದು ಜೇನಲ್ಲ. ಜೇನುಪೆಟ್ಟಿಗೆಗೆ ನುಗ್ಗಿ ಮೊಟ್ಟೆ ಇಟ್ಟು ಜೇನು ಕುಟುಂಬವನ್ನೇ ಮುಗಿಸುತ್ತದೆ. ಕುಟುಕಿದರೆ ಆಸ್ಪತ್ರೆಯೇ ಗತಿ, ಕಂಡಲ್ಲಿ ಕೊಲ್ಲಿ’ ಅನ್ನೋ ಒಕ್ಕಣೆ ಬೇರೆ.

ಜೇನಲ್ಲ ಅನ್ನೋದಷ್ಟೇ ನಿಜ. ಇದು ಬೀ ಫ್ಲೈ ಅನ್ನುವ ನೊಣ. ಜೇನಿಗೆ 4 ರೆಕ್ಕೆ, ಇದಕ್ಕೆ 2. ಆ ಸೂಜಿ ಮಕರಂದ ಹೀರುವ ಕೊಳವೆ. ಕುಟುಕುವ ಮುಳ್ಳು ಇದಕ್ಕೆ ಇಲ್ಲವೇ ಇಲ್ಲ.

ಪರಾವಲಂಬಿ ಹೌದು, ಆದರೆ ಇದರ ಕಣ್ಣು ಬೇರೆ ಕಡೆ. ಮಣ್ಣಿನ ಧರೆಯಲ್ಲಿ ತೂತು ಕೊರೆದು ಒಂಟಿಯಾಗಿ ಬದುಕುವ ಜೇನುಗಳಿವೆ ಅಲ್ವಾ? ಹೆಣ್ಣು ನೊಣ ಅಂಥ ತೂತಿನ ಮುಂದೆ ಗಾಳಿಯಲ್ಲೇ ನಿಂತು, ಹಿಂಭಾಗ ಝಾಡಿಸಿ ಮೊಟ್ಟೆ ಎಸೆಯುತ್ತದೆ. ಕೆಲವು ಜಾತಿಗಳಂತೂ ಹೊಟ್ಟೆಯ ತುದಿಯ ಚೀಲಕ್ಕೆ ಮೊದಲೇ ಮರಳು ತುಂಬಿಕೊಂಡು, ಮೊಟ್ಟೆಗೆ ಮೆತ್ತಿ ಎಸೆಯುತ್ತವೆ. ರವೆಯಲ್ಲಿ ಹೊರಳಿಸಿದ ಬಂಗಡೆ ಥರ ಅನ್ನಿ! ಮರಿಹುಳು ತೆವಳಿ ಒಳಗೆ ಹೋಗಿ ಜೇನಿನ ಮರಿಯನ್ನು ತಿಂದು ಬೆಳೆಯುತ್ತದೆ.

ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಗೋಜಿಗೆ ಇದು ಬರುವುದಿಲ್ಲ. ಕುಟುಂಬ ಸೊರಗಿದರೆ ಎರಿಯ ಮೇಣ ತಿನ್ನುವ ಮೇಣದ ಹುಳು ಇದೆಯಾ ಅಂತ ಎರಿ ಎತ್ತಿ ನೋಡಿ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆಗಳನ್ನು ರಾಶಿ ರಾಶಿ ಕೊಂದದ್ದು ಜೇನಿನ ಮರಿಗಳಿಗೆ ತಗಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್, ಈ ಪಾಪದ ನೊಣ ಅಲ್ಲ.