ಬಿಲ್ಲಿನ ಸೀಸನ್ನಿಗೆ ಕ್ರಾಸ್‌ಬೋ ಬೇಕಾ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆ ಬೇಟೆಗೆ ಎರಡು ದೊಡ್ಡ ಸೀಸನ್. ಬಂದೂಕಿಗೆ ನವೆಂಬರ್ ಕೊನೆಯ ಹೊತ್ತಿಗೆ 9 ದಿನ. ಬಿಲ್ಲಿಗೆ ಸೆಪ್ಟೆಂಬರ್ ಮಧ್ಯದಿಂದ ಜನವರಿ ಶುರುವಿನವರೆಗೆ. ಕ್ರಾಸ್‌ಬೋ ಅಂದರೆ ಬಂದೂಕಿನಂತೆ ಹಿಡಿದು, ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು. ಈ ಬಿಲ್ಲಿನ ದಿನಗಳಲ್ಲಿ ಅದನ್ನು ಹಿಡಿಯಲು ಮೊದಲು 65 ತುಂಬಿದವರಿಗೆ ಮತ್ತು ಅಂಗವಿಕಲರಿಗೆ ಮಾತ್ರ ಅವಕಾಶವಿತ್ತು. 2014ರಿಂದ ಎಲ್ಲರಿಗೂ ಸಿಕ್ಕಿತು. ಲೈಸೆನ್ಸ್ ಬೇರೆ, ದಿನಗಳು ಮಾತ್ರ ಅವೇ. ಇದು ಸರಿಯಾ ಅನ್ನುವ ಪ್ರಶ್ನೆ ಅಂದಿನಿಂದ ಇಲ್ಲಿನ ಬೇಟೆಗಾರರನ್ನು ಬಿಟ್ಟಿಲ್ಲ.

ನಾನು ಮಲೆನಾಡಿನವನು. ನಮ್ಮ ಕಡೆ ಹಳಬರು ಮರಸು ಕೂತ, ಅಂದರೆ ಬೇಟೆಗೆ ಹೊಂಚು ಹಾಕಿ ಕೂತ, ಕಥೆ ಹೇಳುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಕಥೆಯಾಗಿಯೇ ಉಳಿಯಿತು, ಉಳಿದಿದ್ದು ಒಳ್ಳೆಯದೇ ಆಯಿತು. ಇಲ್ಲಿಗೆ ಬಂದ ಮೇಲೆ, ಕಾನೂನಿನ ಒಳಗೆ, ಬಿಲ್ಲು ಹಿಡಿಯುವುದನ್ನು ಕಲಿತೆ. ಎರಡೂ ಕಡೆಯ ಮಾತನ್ನು ವರ್ಷಗಟ್ಟಲೆ ಕೇಳಿದ್ದೇನೆ.

ಪರ: ಭುಜ ಕೇಳದಿದ್ದರೆ ಕಾಡು ಬಿಡಬೇಕಾ?

ನಮ್ಮ ಪಕ್ಕದ ಮನೆಯವರಿಗೆ ಐವತ್ತೆಂಟು. ಭುಜದ ಆಪರೇಷನ್ ಆಗಿದೆ. 2014ಕ್ಕೆ ಮೊದಲಾಗಿದ್ದರೆ ಅಂಗವೈಕಲ್ಯದ ಪರ್ಮಿಟ್‌ಗೆ ಡಾಕ್ಟರ್ ಸರ್ಟಿಫಿಕೇಟ್ ಹಿಡಿದು ಅಲೆಯಬೇಕಿತ್ತು. ಈಗ ಅವರು ಕ್ರಾಸ್‌ಬೋದ ಮೂತಿಯಲ್ಲಿರುವ ಕೊಂಡಿಯನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಾರೆ, ಪಕ್ಕದ ಹಿಡಿ ತಿರುಗಿಸಿ ಹೆದೆ ಏರಿಸುತ್ತಾರೆ. ಭುಜಕ್ಕೆ ನೋವಿಲ್ಲ. ನಲವತ್ತು ವರ್ಷ ಕಾಡಿಗೆ ಹೋದ ಮನುಷ್ಯ ಇನ್ನೂ ಹೋಗುತ್ತಿದ್ದಾರೆ. ಕಾನೂನು ಮಾಡಿದ ಒಳ್ಳೆಯ ಕೆಲಸ ಇದು.

ಕ್ರಾಸ್‌ಬೋ ಬಿಲ್ಲೇ ಅಲ್ಲ ಎನ್ನುವವರು ತಮ್ಮ ಕೈಯಲ್ಲಿರುವುದನ್ನೂ ನೋಡಿಕೊಳ್ಳಬೇಕು. ಹೆಚ್ಚಿನವರ ಕೈಯಲ್ಲಿರುವುದು ಕಾಂಪೌಂಡ್ ಬಿಲ್ಲು. ಮಿಸ್ಸೂರಿಯ ಹೊಲೆಸ್ ವಿಲ್ಬರ್ ಆಲನ್ ಬಿಲ್ಲಿನ ತುದಿಗಳಿಗೆ ಗಾಲಿ ಕಟ್ಟಿ 1969ರಲ್ಲಿ ಪೇಟೆಂಟ್ ಪಡೆದರು. ಎಳೆಯಲು 70 ಪೌಂಡ್ ಬಲ ಬೇಕಾದ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಗಾಲಿಗಳು ಶೇಕಡಾ 80ರಷ್ಟು ಭಾರ ಹೊತ್ತುಕೊಂಡರೆ ಬೆರಳಿಗೆ ಉಳಿಯುವುದು 14 ಪೌಂಡ್. ಅದರ ಮೇಲೆ ಗುರಿಗೆ ಪಿನ್ನು, ಹೆದೆ ಬಿಡಲು ಟ್ರಿಗರ್. ಅದು ಬಂದಾಗಲೂ ಹಳೇ ಬಿಲ್ಲುಗಾರರು ಇದು ಬಿಲ್ಲಲ್ಲ ಎಂದೇ ಕೂಗಿದ್ದರು. ಹಾಗಾದರೆ ಗೆರೆಯನ್ನು ಕಾಂಪೌಂಡ್ ದಾಟಿದ ಮೇಲೆಯೇ ಯಾಕೆ ಎಳೆಯಬೇಕು?

ಪ್ರಾಣಿಯ ಕಡೆಯಿಂದಲೂ ಯೋಚಿಸಬೇಕು. ಅಭ್ಯಾಸವಿಲ್ಲದ ಕೈಯಿಂದ ಹೊರಟ ಬಾಣ ಹೊಟ್ಟೆಗೆ ಬಿದ್ದರೆ ಜಿಂಕೆ ಗಂಟೆಗಟ್ಟಲೆ ನರಳುತ್ತದೆ. ಅದೇ ಕೈ ಕ್ರಾಸ್‌ಬೋವನ್ನು ಅಟ್ಟಣೆಯ ಕಂಬಿಯ ಮೇಲೆ ಊರಿ, ಸ್ಕೋಪಿನಲ್ಲಿ ನೋಡಿ ಬಿಟ್ಟರೆ ಶ್ವಾಸಕೋಶಕ್ಕೆ ಬೀಳುವ ಸಂಭವ ಜಾಸ್ತಿ. ಇಲ್ಲಿನ ನಿಯಮವೂ ಸಡಿಲವಾಗಿಲ್ಲ: ಕ್ರಾಸ್‌ಬೋಗೆ ಕನಿಷ್ಠ 100 ಪೌಂಡ್ ಎಳೆತ ಇರಬೇಕು, ಸೇಫ್ಟಿ ಕೆಲಸ ಮಾಡುತ್ತಿರಬೇಕು.

ಇನ್ನೊಂದು ಮಾತು. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಕಡಿಮೆಯಾಗಿಲ್ಲ, ಬೇಟೆಗಾರರಿಗೆ ವಯಸ್ಸಾಗುತ್ತಿದೆ. 2002ರಲ್ಲಿ ಇಲ್ಲಿನ ಜಿಂಕೆಗಳಲ್ಲಿ ಮಿದುಳು ಕೊರೆಯುವ ಸಿಡಬ್ಲ್ಯುಡಿ ಎಂಬ ರೋಗ ಕಾಣಿಸಿಕೊಂಡಿತು. ಹಿಂಡು ದಟ್ಟವಾದಷ್ಟೂ ಕಷ್ಟ. ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಹಣದ ದೊಡ್ಡ ಪಾಲೂ ಬೇಟೆಯಿಂದಲೇ ಬರುತ್ತದೆ, ಲೈಸೆನ್ಸ್ ಶುಲ್ಕ ಒಂದು, ಬಿಲ್ಲುಗಳ ಮೇಲಿನ ಶೇಕಡಾ 11ರ ಕೇಂದ್ರ ತೆರಿಗೆ ಇನ್ನೊಂದು. ಬರುವವರಿಗೆ ಬಾಗಿಲು ಹಾಕಿ ಯಾರಿಗೆ ಉಪಕಾರ?

ವಿರೋಧ: ಹೆದೆ ಎಳೆಯುವ ಆ ಗಳಿಗೆ

ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ. ಓಕ್ ಮರದ ಮೇಲೆ ಹದಿನೈದು ಅಡಿ ಎತ್ತರದ ಅಟ್ಟಣೆಯಲ್ಲಿ ಕೂತಿದ್ದೆ. ಒಂದು ಹೆಣ್ಣು ಜಿಂಕೆ ಇಪ್ಪತ್ತು ಗಜದ ಹತ್ತಿರ ಬಂದು ನಿಂತಿತು. ಕೈಯಲ್ಲಿ 45 ಪೌಂಡಿನ ಮರದ ಬಿಲ್ಲು. ಈಗ ಎದ್ದು ನಿಲ್ಲಬೇಕು, ತೋಳು ಎತ್ತಬೇಕು, ಹೆದೆಯನ್ನು ಕೆನ್ನೆಯವರೆಗೆ ಎಳೆಯಬೇಕು. ಎಲ್ಲವೂ ಅದರ ಕಣ್ಣೆದುರಿಗೆ. ಅದು ತಲೆ ತಗ್ಗಿಸಿ ಓಕ್ ಕಾಯಿ ಹೆಕ್ಕಿದಾಗ ಅರ್ಧ ಎಳೆದೆ. ತಲೆ ಎತ್ತಿತು. ಹಾಗೇ ನಿಂತೆ. ತೋಳು ನಡುಗಲು ಶುರುವಾಯಿತು. ನನ್ನ ಜಾಕೆಟ್ ತೋಳು ಮರದ ತೊಗಟೆಗೆ ಸವರಿದ ಸದ್ದು ನನಗೇ ಕೇಳಿಸಲಿಲ್ಲ, ಅದಕ್ಕೆ ಕೇಳಿಸಿತು. ಬಿಳಿ ಬಾಲ ಎತ್ತಿ ಹೋಯಿತು.

ಬಿಲ್ಲಿನ ಬೇಟೆ ಅಂದರೆ ಈ ಗಳಿಗೆ. ಬಾಣ ಬಿಟ್ಟ ಮೇಲೂ ಅದು ಮುಗಿಯುವುದಿಲ್ಲ. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ 170 ಅಡಿಯ ಆಸುಪಾಸಿನಲ್ಲಿ ಹೋಗುತ್ತದೆ. ಇಪ್ಪತ್ತು ಗಜಕ್ಕೆ ಸೆಕೆಂಡಿನ ಮೂರನೇ ಒಂದು ಪಾಲು ಬೇಕು. ಸದ್ದು ಅದಕ್ಕಿಂತ ಎಷ್ಟೋ ಮೊದಲು ತಲುಪುತ್ತದೆ, ಜಿಂಕೆ ಅಷ್ಟರಲ್ಲಿ ಮೈ ಕುಗ್ಗಿಸಿ ತಪ್ಪಿಸಿಕೊಳ್ಳಬಹುದು. ಈಗಿನ ಕ್ರಾಸ್‌ಬೋಗಳಲ್ಲಿ ಎಷ್ಟೋ ಸೆಕೆಂಡಿಗೆ 400 ಅಡಿ ದಾಟುತ್ತವೆ. ಹೆದೆ ಮೊದಲೇ ಏರಿರುತ್ತದೆ. ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಮಡಿಸಿದರೆ ಸಾಕು. ಕಾಂಪೌಂಡ್ ಸಹ ಯಂತ್ರವೇ, ಒಪ್ಪುತ್ತೇನೆ. ಆದರೂ ಅದನ್ನು ಜಿಂಕೆಯ ಎದುರಿಗೆ, ನನ್ನ ತೋಳಿನಿಂದಲೇ ಎಳೆಯಬೇಕು. ಗೆರೆ ಅಲ್ಲಿಯೇ ಇದೆ, ನನಗೆ ಅದು ಸ್ಪಷ್ಟವಾಗಿ ಕಾಣುತ್ತದೆ.

ಈ ಗೆರೆ ಯಾಕೆ ಮುಖ್ಯ ಅಂದರೆ, ಮೂರೂವರೆ ತಿಂಗಳ ಸೀಸನ್ ಸುಮ್ನೆ ಬಂದಿದ್ದಲ್ಲ. 1934ರಲ್ಲಿ ಸಾಕ್ ಮತ್ತು ಕೊಲಂಬಿಯಾ ಎಂಬ ಎರಡು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ) ವಿಸ್ಕಾನ್ಸಿನ್ ಮೊದಲ ಬಿಲ್ಲಿನ ಸೀಸನ್ ನಡೆಸಿತು. ಬಿಲ್ಲು ಕಷ್ಟ, ಬೀಳುವ ಜಿಂಕೆ ಕಡಿಮೆ. ಅದಕ್ಕೇ ಮುಂದೆ ದಿನಗಳು ಹೆಚ್ಚಾದವು, ಗಂಡು ಜಿಂಕೆಗಳು ಹೆಣ್ಣಿನ ಹಿಂದೆ ಮೈಮರೆತು ಓಡಾಡುವ ನವೆಂಬರ್ ಮೊದಲ ವಾರಗಳೂ ಬಿಲ್ಲಿನ ಪಾಲಿಗೆ ಬಂದವು. ಕಷ್ಟಕ್ಕೆ ಪ್ರತಿಯಾಗಿ ದಿನ, ಇದು ಒಪ್ಪಂದ. ಕಷ್ಟವನ್ನು ತೆಗೆದು ದಿನಗಳನ್ನು ಮಾತ್ರ ಇಟ್ಟುಕೊಳ್ಳುವುದು ನ್ಯಾಯ ಅಲ್ಲ, ಅಲ್ವಾ? ಈಗ ಇಲ್ಲಿ ಬಿಲ್ಲಿಗಿಂತ ಕ್ರಾಸ್‌ಬೋಗೇ ಜಾಸ್ತಿ ಜಿಂಕೆ ಬೀಳುತ್ತಿವೆ. ಬಂದೂಕಿನ 9 ದಿನ ಶುರುವಾಗುವ ಮೊದಲೇ ದೊಡ್ಡ ಕೊಂಬಿನವು ಹೋಗಿಬಿಡುತ್ತವೆ ಎಂದು ಬಂದೂಕಿನವರೂ ಗೊಣಗುತ್ತಾರೆ.

ವನ್ಯಜೀವಿ ಸಂರಕ್ಷಣೆಯ ಹೆಸರಾಂತ ಚಿಂತಕ ಆಲ್ಡೋ ಲಿಯೋಪೋಲ್ಡ್ ಇದೇ ನೆಲದವರಾಗಿ ಬಾಳಿದವರು. ಮ್ಯಾಡಿಸನ್‌ನಲ್ಲಿ ಪ್ರೊಫೆಸರ್, ಸಾಕ್ ಕೌಂಟಿಯಲ್ಲಿ ಒಂದು ಹಳೇ ಜಮೀನು. ಬಿಲ್ಲನ್ನು ತಾವೇ ಕೆತ್ತಿ ಮಾಡಿಕೊಳ್ಳುತ್ತಿದ್ದರು. ಉಪಕರಣಗಳು ಹೆಚ್ಚಿದಂತೆ ಬೇಟೆಗಾರನ ಸ್ವಂತ ಕಸುಬು ಮತ್ತು ಸಂಯಮ ಸವೆಯುತ್ತವೆ ಎಂದು ಅವರು ಕಳವಳಪಟ್ಟರು. ಅವರು 1948ರಲ್ಲಿ ತೀರಿಕೊಂಡರು, ಕಾಂಪೌಂಡನ್ನು ಸಹ ನೋಡಲಿಲ್ಲ.

ನರಳುವ ಪ್ರಾಣಿಯ ಮಾತು ನನ್ನನ್ನು ತುಂಬ ಕಾಡಿದೆ. ಎಲೆಯ ಮೇಲೆ ನೊರೆ ಸೇರಿದ ತಿಳಿಗೆಂಪು ರಕ್ತ ಸಿಕ್ಕರೆ ಶ್ವಾಸಕೋಶ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಬಾಣಕ್ಕೆ ಹಸಿರು ಕಲೆ, ದುರ್ವಾಸನೆ ಇದ್ದರೆ ಹೊಟ್ಟೆ. ಹೊಟ್ಟೆಗೆ ಬಿದ್ದ ಬಾಣ ನಾನೂ ಒಮ್ಮೆ ಬಿಟ್ಟಿದ್ದೇನೆ, ಎಂಟು ಗಂಟೆ ಕಾದು ಹುಡುಕಿದ್ದೇನೆ. ಆಮೇಲೆ ಹದಿನೈದು ಗಜದಾಚೆ ಬಾಣ ಬಿಡುವುದನ್ನೇ ನಿಲ್ಲಿಸಿದೆ. ಸ್ಕೋಪು ಕೈಗೆ ಬಂದರೆ ಆಸೆ ಐವತ್ತು, ಅರವತ್ತು ಗಜಕ್ಕೆ ಬೆಳೆಯುತ್ತದೆ. ಬಾಣ ಎಷ್ಟು ಜೋರಾಗಿದ್ದರೂ ಅಷ್ಟು ದೂರಕ್ಕೆ ಹೋಗುವಾಗ ಜಿಂಕೆ ಒಂದು ಹೆಜ್ಜೆ ಇಟ್ಟರೆ ಮುಗಿಯಿತು.

ಹಾಗಂತ ಕ್ರಾಸ್‌ಬೋ ನಿಷೇಧಿಸಿ ಎಂದು ನಾನು ಕೇಳುವುದಿಲ್ಲ. ವಯಸ್ಸಾದವರಿಗೆ, ಭುಜ ಹೋದವರಿಗೆ ಪೂರ್ತಿ ಸೀಸನ್ ಇರಲಿ. ಪರ್ಮಿಟ್ ಸುಲಭವಾಗಿ ಸಿಗಲಿ, ಪಕ್ಕದ ಮನೆಯವರು ಯಾವ ಕಚೇರಿಗೂ ಅಲೆಯುವುದು ಬೇಡ. ಗಟ್ಟಿಮುಟ್ಟಾದವರಿಗೆ ಅಕ್ಟೋಬರ್ ಮುಗಿಯುವವರೆಗೆ ಕೊಡಿ, ಬಂದೂಕಿನ ಸೀಸನ್ ಆದ ಮೇಲೆ ಮತ್ತೆ ಕೊಡಿ. ನಡುವಿನ ಆ ಮೂರು ವಾರ ಹೆದೆಯನ್ನು ಕೈಯಿಂದ ಎಳೆಯುವವರಿಗೆ ಬಿಡಿ. ಈ ರಾಜ್ಯದಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಕೌಂಟಿಗೊಂದು ಸಭೆ ನಡೆದು ಬೇಟೆ ನಿಯಮಗಳ ಬಗ್ಗೆ ಜನರ ಅಭಿಪ್ರಾಯ ಕೇಳುತ್ತಾರೆ. ಈ ಸಲ ನಾನು ಇದನ್ನೇ ಬರೆದುಕೊಂಡು ಹೋಗುತ್ತೇನೆ. ಪಕ್ಕದ ಮನೆಯವರೂ ಬರುತ್ತಾರೆ. ಅವರ ಕೈ ಯಾವ ಕಡೆ ಏಳುತ್ತದೆ ಅಂತ ನನಗೆ ಗೊತ್ತು, ಆದರೂ ಹೋಗುವುದು ಒಂದೇ ಕಾರಿನಲ್ಲಿ.