ಅಧ್ಯಕ್ಷರಿಗೊಂದು ಬಂಗಲೆ

ಆಫ್ರಿಕಾದ ಸಿಪೊಪೊ ಅನ್ನೋ ಊರು ಸುದ್ದಿಗೆ ಬಂದಾಗಲೆಲ್ಲ ಅದೇ ಗೋಳು. ಎಲ್ಲ ಇದೆಯಂತೆ, ಜನ ಮಾತ್ರ ಇಲ್ಲವಂತೆ. ಅಲ್ಲ ಸ್ವಾಮಿ, ಅದನ್ನು ಜನರಿಗಾಗಿ ಕಟ್ಟಿದ್ದು ಅಂತ ನಿಮಗೆ ಹೇಳಿದವರು ಯಾರು?

ಇಕ್ವಟೋರಿಯಲ್ ಗಿನಿ ದೇಶಕ್ಕೆ ಆಗ ರಾಜಧಾನಿಯಾಗಿದ್ದ ಮಲಾಬೊ ಪಕ್ಕ, 2011ರ ಆಫ್ರಿಕನ್ ಒಕ್ಕೂಟದ ಸಮಾವೇಶಕ್ಕೆ ಅಂತಲೇ ಎದ್ದ ಊರು ಅದು. ಖರ್ಚು ಸುಮಾರು 60 ಕೋಟಿ ಯೂರೊ. ಟರ್ಕಿಯ ವಾಸ್ತುಶಿಲ್ಪಿಗಳ ಕೈಯಲ್ಲಿ ಮಾಡಿಸಿದ ಗಾಜಿನ ಸಭಾಭವನ, ಅದರ ಸುತ್ತ ಲೋಹದ ಜಾಲರಿ. ಐಷಾರಾಮಿ ಹೋಟೆಲ್. 18 ಗುಳಿಯ ಗಾಲ್ಫ್ ಮೈದಾನ. ಸುತ್ತಲೂ ಸಮುದ್ರ ಇರುವ ದ್ವೀಪದಲ್ಲಿ ಕೈಯಾರೆ ಮಾಡಿದ ಇನ್ನೊಂದು ಬೀಚು! ಜೊತೆಗೆ ಅಧ್ಯಕ್ಷರುಗಳು ಇಳಿದುಕೊಳ್ಳಲು 52 ಬಂಗಲೆ. ಆಗ ಒಕ್ಕೂಟದಲ್ಲಿ ಇದ್ದದ್ದು 53 ದೇಶ. ಲೆಕ್ಕ ತಪ್ಪಿಲ್ಲ ಬಿಡಿ, ಆತಿಥೇಯರಿಗೆ ಸ್ವಂತ ಅರಮನೆ ಇದೆಯಲ್ಲ. ಒಂದೇ ಹೋಟೆಲಿನಲ್ಲಿ ಎಲ್ಲರನ್ನೂ ಇಳಿಸಬಹುದಿತ್ತು, ನಿಜ. ಆದರೆ ಇಬ್ಬರು ಅಧ್ಯಕ್ಷರು ಲಿಫ್ಟಿನಲ್ಲಿ ಎದುರುಬದುರಾದರೆ ಖಂಡದ ಮರ್ಯಾದೆ ಏನಾಗಬೇಕು?

ನಾಯಕರು ಕೂತು ಮಾತಾಡಿದ್ದು ಎರಡು ದಿನ. ವಿಷಯ ಏನು ಗೊತ್ತಾ? ಯುವಜನರ ಸಬಲೀಕರಣ. ಅಧ್ಯಕ್ಷತೆ ವಹಿಸಿದವರು ಆತಿಥೇಯ ದೇಶದ ಅಧ್ಯಕ್ಷ ಒಬಿಯಾಂಗ್. 1979ರಲ್ಲಿ ತಮ್ಮ ಮನೆತನದ ಹಿರಿಯನನ್ನೇ ಇಳಿಸಿ ಕುರ್ಚಿ ಹಿಡಿದವರು.

ಹಾಗಂತ ಯುವಕರಿಗೆ ಏನೂ ಸಿಗಲಿಲ್ಲ ಅಂದರೆ ಪಾಪ ಬರುತ್ತದೆ. ಒಬ್ಬ ಯುವಕನಂತೂ ಚೆನ್ನಾಗಿಯೇ ಸಬಲನಾಗಿದ್ದ. ಅಧ್ಯಕ್ಷರ ಮಗ, ಆಗ ಕೃಷಿ ಮತ್ತು ಅರಣ್ಯ ಸಚಿವ. ಪ್ಯಾರಿಸಿನಲ್ಲಿ ಮಹಲು, ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಬಂಗಲೆ. ಮೈಕಲ್ ಜಾಕ್ಸನ್ ಹಾಕಿಕೊಂಡಿದ್ದ ಹರಳಿನ ಕೈಗವಸೂ ಇವರ ಹತ್ತಿರವೇ. ಕೃಷಿ ಸಚಿವರಿಗೆ ಕೈಗವಸು ಬೇಕಲ್ವಾ, ಮುಳ್ಳು ಗಿಳ್ಳು ಚುಚ್ಚಿದರೆ? ಅದೇ ವರ್ಷ ಪ್ಯಾರಿಸ್ ಪೊಲೀಸರು ಇವರ ಕಾರುಗಳನ್ನು ಸಾಲಾಗಿ ಎಳೆದುಕೊಂಡು ಹೋದರು. 2017ರಲ್ಲಿ ಅಲ್ಲಿನ ಕೋರ್ಟು, ಆ ಮಹಲು, ಕಾರು ಎಲ್ಲ ದೇಶದ ದುಡ್ಡು ನುಂಗಿ ಮಾಡಿದ್ದು ಅಂತ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಸಾಹೇಬರು ಉಪಾಧ್ಯಕ್ಷರಾಗಿದ್ದರು.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನೋಣ ಅಂದರೆ ಆ ಗಾದೆಯೂ ಇಲ್ಲಿ ಹೊಂದುವುದಿಲ್ಲ. ಹಿಟ್ಟು ಇತ್ತು. 1990ರ ದಶಕದಲ್ಲಿ ಕಡಲಿನಡಿ ತೈಲ ಸಿಕ್ಕಿ, ತಲಾ ಆದಾಯದಲ್ಲಿ ಆಫ್ರಿಕಾದ ಮೇಲಿನ ಸಾಲಿಗೆ ಹೋದ ದೇಶ ಅದು. ಆದರೂ ಅರ್ಧದಷ್ಟು ಜನಕ್ಕೆ ಕುಡಿಯಲು ಒಳ್ಳೆ ನೀರಿರಲಿಲ್ಲ. ಬಡತನದಿಂದ ಆಗಿದ್ದರೆ ಮರುಗಬಹುದಿತ್ತು. ಇಲ್ಲಿ ದುಡ್ಡಿತ್ತು, ನಲ್ಲಿ ಹಾಕಿಸುವ ಮನಸ್ಸಿರಲಿಲ್ಲ. ಗಾಲ್ಫ್ ಹುಲ್ಲಿಗೆ ನೀರು ಬಿಡುವ ಮನಸ್ಸಿತ್ತು. ನಗಿಸೋಣ ಅಂತ ಬರೆಯಲು ಕೂತೆ, ಇದನ್ನು ಬರೆಯುವಾಗ ನಗು ಬರುವುದಿಲ್ಲ.

ಇಷ್ಟು ಸಾಲದು ಅಂತ ಅದೇ ಸರ್ಕಾರ ಸಮುದ್ರದಾಚೆ, ಖಂಡದಲ್ಲಿರುವ ತನ್ನದೇ ನೆಲದ ಕಾಡು ಕಡಿದು ಇನ್ನೊಂದು ರಾಜಧಾನಿಯನ್ನೇ ಕಟ್ಟಲು ಹೊರಟಿತು. ಅದರ ಕಥೆ ಇನ್ನೊಂದು ದಿನಕ್ಕಿರಲಿ.

ಸಭೆಗಳಿಂದ ಏನೂ ಉಪಯೋಗವಾಗಲಿಲ್ಲ ಅನ್ನುವವರ ಬಾಯಿ ಮಾತ್ರ ಮುಚ್ಚಿಸಬೇಕು. 2011ರಲ್ಲಿ ಲಿಬಿಯಾದ ಗಡಾಫಿಗೆ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಬಂಧನದ ವಾರಂಟ್ ಬಂದ ವಾರದಲ್ಲೇ, ಅದಕ್ಕೆ ಯಾರೂ ಸಹಕರಿಸಬಾರದು ಅಂತ ಇಲ್ಲೇ ತೀರ್ಮಾನವಾಯಿತು. 2014ರಲ್ಲಿ ಒಕ್ಕೂಟ ಮತ್ತೆ ಮಲಾಬೊದಲ್ಲೇ ಸೇರಿತು. ಆಫ್ರಿಕಾದ್ದೇ ಒಂದು ಕೋರ್ಟಿಗೆ ನರಮೇಧ, ಯುದ್ಧಾಪರಾಧಗಳ ವಿಚಾರಣೆಯ ಅಧಿಕಾರ ಕೊಡುವ ಒಪ್ಪಂದ ಮಾಡಿಕೊಂಡರು. ಒಂದು ಸಣ್ಣ ಷರತ್ತು: ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಕೇಸ್ ಹಾಕುವಂತಿಲ್ಲ. ಬಂಗಲೆ ಕಟ್ಟಿಸಿದ್ದಕ್ಕೆ ಇಷ್ಟಾದರೂ ಬೇಡವಾ?