ಮೇಲೆ ಹೋಗುವ ದಿನ

"ಇನ್ನು ಬರೀ 350 ರೂಪಾಯಿ ಕಣೋ. ಅದೊಂದು ಆದ್ರೆ ಮೇಲೆ ಹೋಗಿಬಿಡ್ತೀನಿ" ಅಂತ ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಹಿಂದೆ ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಾರೆ ಅನ್ನೋದು ನನಗೆ ಗೊತ್ತಿರಲಿಲ್ಲ.

"ಥೂ, ಬಿಡ್ತು ಅನ್ನು! ಏನ್ ಮಾತೋ ಇದು ಸಂಜೆ ಹೊತ್ತಲ್ಲಿ?"

ಬಿಡ್ತು ಅಂದೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ವಾರವಷ್ಟೇ ಹೆಂಡತಿ ಗ್ಯಾಸ್ ಬಿಲ್ ಹುಡುಕುತ್ತಾ ನನ್ನ ಲ್ಯಾಪ್‌ಟಾಪಿನಲ್ಲಿ 'ಮನೆ ಖರ್ಚು ಹಳೇದು' ಅನ್ನೋ ಫೈಲ್ ತೆಗೆದಿದ್ದಳು. ಅದರಲ್ಲಿ ಹಳದಿ ಬಣ್ಣ ಬಳಿದ ಒಂದು ಕಾಲಂ ಇತ್ತು. 'ಮೇಲೆ ಹೋಗುವ ದಿನ'. ಅವತ್ತು ಅವಳು ಏನೂ ಕೇಳಿರಲಿಲ್ಲ. ನನ್ನ ಇನ್ಶೂರೆನ್ಸ್ ಕಂತು ಕಟ್ಟಿದೆಯಾ ಅಂತ ಮಾತ್ರ ವಿಚಾರಿಸಿದ್ದಳು. ಈಗ ಅತ್ತೆ ಸೊಸೆ ಇಬ್ಬರೂ ಎದುರು ನಿಂತರು. ಬಾಯಿ ಬಿಡಲೇಬೇಕಾಯಿತು.

ವಿಷಯ ಇಷ್ಟೇ. 2020ರ ಲಾಕ್‌ಡೌನಿನಲ್ಲಿ ಮಾಡಲು ಕೆಲಸ ಇಲ್ಲದೆ ಫೋನಿನಲ್ಲಿ ಪೋಕರ್ ಕಲಿತೆ. ಅಮೆರಿಕದ ಒಬ್ಬ ಅಕೌಂಟೆಂಟ್ ಆನ್‌ಲೈನಿನಲ್ಲಿ ಸಣ್ಣ ದುಡ್ಡಿನ ಟೂರ್ನಮೆಂಟ್ ಗೆದ್ದು, ಅಲ್ಲಿಂದ ಲಾಸ್ ವೇಗಸ್‌ಗೆ ಹೋಗಿ, 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 25 ಲಕ್ಷ ಡಾಲರ್ ಹೊಡೆದ ಕಥೆ ಓದಿದ್ದೆ. ಅವನೂ ಅಕೌಂಟೆಂಟ್, ನಾನೂ ಅಕೌಂಟೆಂಟ್. ಅವನ ಹೆಸರು ಕ್ರಿಸ್ ಮನಿಮೇಕರ್. ನಿಜವಾದ ಹೆಸರೇ ಅದು! ನನ್ನ ಹೆಸರಿಗೆ ಆ ಯೋಗ ಇಲ್ಲ, ಬಿಡಿ.

ನಾನು ಆಡುತ್ತಿದ್ದದ್ದು 1-2 ರೂಪಾಯಿ ಟೇಬಲ್. ಅಂದರೆ ಪ್ರತಿ ಸಲ ಇಬ್ಬರು ಮೊದಲೇ ಕಟ್ಟುವ ಪಣ 1 ಮತ್ತು 2 ರೂಪಾಯಿ. 200 ರೂಪಾಯಿ ಇಟ್ಟುಕೊಂಡು ಕೂರೋದು, ಅದಕ್ಕೆ ಬೈ-ಇನ್ ಅಂತಾರೆ. ಅದರ ಮೇಲಿನದು 2-5, ಅಲ್ಲಿಗೆ 500 ಬೇಕು. ಅದಕ್ಕೂ ಮೇಲೆ 5-10, ಅಲ್ಲಿಗೆ ಸಾವಿರ. ಯಾವಾಗ ಮೇಲಕ್ಕೆ ಹತ್ತಬೇಕು ಅನ್ನೋದಕ್ಕೆ ಆಡುವವರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಕೈಯಲ್ಲಿ ಮೇಲಿನ ಟೇಬಲ್ಲಿನ 30 ಬೈ-ಇನ್ ಇರಬೇಕು. ಕೆಲವರು 20 ಸಾಕು ಅಂತಾರೆ. ನಾನು ಪುಕ್ಕಲ, 30ಕ್ಕೇ ನಿಂತೆ. 500 ಇಂಟು 30, ಅಂದರೆ 15,000. ಅದೂ ಆಟದಲ್ಲೇ ಬೆಳೆಯಬೇಕು, ಸಂಬಳದಿಂದ ತುಂಬಿಸಬಾರದು. ಇದು ನನ್ನದೇ ಕಾನೂನು.

ಎಲ್ಲ ಕೇಳಿಸಿಕೊಂಡ ಅಮ್ಮ, "ಅಂದ್ರೆ ಇಸ್ಪೀಟು ತಾನೇ?" ಅಂದರು.

"ಹಾಗಲ್ಲಮ್ಮ, ಇದು ಸ್ಕಿಲ್ ಗೇಮು. ನಾನು ಲೆಕ್ಕ ಇಟ್ಟುಕೊಂಡು ಆಡ್ತೀನಿ."

"ನಿಮ್ ತಾತನೂ ದೀಪಾವಳಿಗೆ ಲೆಕ್ಕ ಇಟ್ಟುಕೊಂಡೇ ಆಡ್ತಿದ್ರು. ಲೆಕ್ಕದ ಪುಸ್ತಕ ಇನ್ನೂ ಅಟ್ಟದ ಮೇಲಿದೆ. ತೋಟ ಇಲ್ಲ."

ಹೆಂಡತಿ ಏನೂ ಹೇಳಲಿಲ್ಲ. "ರೀ, ಕುಕ್ಕರ್ ಇಟ್ಟಿದ್ದೀನಿ. ಮೂರು ಕೂಗಿಗೆ ಆರಿಸಿ" ಅಂತ ಹೇಳಿ ಅತ್ತೆಯನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೊರಟಳು. ಹರಕೆ ಹೊರುವುದಕ್ಕೇ ಇರಬೇಕು.

ಮನೆ ಖಾಲಿ. ಕೈಯಲ್ಲಿ ಫೋನು, ಖಾತೆಯಲ್ಲಿ 14,650. ನೋಡಿ, ಆಫೀಸಿನಲ್ಲಿ ನಾನು ಹನ್ನೊಂದು ಪೈಸೆ ತಾಳೆಯಾಗಲಿಲ್ಲ ಅಂತ ರಾತ್ರಿ ಒಂಬತ್ತರವರೆಗೆ ಕೂತವನು. ಅಂಥವನು ಅವತ್ತು 14,650ನ್ನು ಸುಮ್ನೆ ರೌಂಡ್ ಆಫ್ ಮಾಡಿ 15,000 ಅಂದುಕೊಂಡೆ. 2-5 ಟೇಬಲ್ಲಿಗೆ ಹೋಗಿ ಕೂತೆ. ಪೋಕರ್ ಮಂದಿ ಇದಕ್ಕೆ ಶಾಟ್ ತಗೊಳ್ಳೋದು ಅಂತಾರೆ.

ಹತ್ತೇ ನಿಮಿಷ. ಎರಡು ಎಕ್ಕ ಬಂದವು! 221 ಸಲ ಎಲೆ ಹಂಚಿದರೆ ಸರಾಸರಿ ಒಂದು ಸಲ ಬರುವ ಜೋಡಿ. ಒಂದು ಕೂಗು. ಪಣ ಏರಿಸಿದೆ, ಎದುರಿನವನೂ ಏರಿಸಿದ. ಎರಡನೇ ಕೂಗು. ಮುಂದಿದ್ದ ದುಡ್ಡನ್ನೆಲ್ಲ ಒಡ್ಡಿ ಆಲ್ ಇನ್ ಅಂದೆ, ಅವನೂ ಅಂದ. ಎಲೆ ತಿರುಗಿತು. ಅವನದು ಎರಡು ರಾಜ. ಇಂಥ ಜಗಳದಲ್ಲಿ ನೂರಕ್ಕೆ 82 ಸಲ ಎಕ್ಕದ್ದೇ ಗೆಲುವು. ಇನ್ನು ನಡುವೆ ಇಬ್ಬರಿಗೂ ಸೇರಿದ ಐದು ಎಲೆ ಬೀಳಬೇಕು. ಮೂರು ಬಿದ್ದವು, ರಾಜ ಇಲ್ಲ. ನಾಲ್ಕನೆಯದು, ಇಲ್ಲ. ಉಳಿದ 44 ಎಲೆಗಳಲ್ಲಿ ಅವನನ್ನು ಉಳಿಸುವುದು ಎರಡೇ ಎರಡು. ಕುಕ್ಕರ್ ಕೂಗುತ್ತಲೇ ಇತ್ತು. ಗೆಲ್ಲುವವನಿಗೆ ಬಾರಿಸುವ ಮಂಗಳವಾದ್ಯ ಅಂದುಕೊಂಡೆ.

ಆಟೀನ್ ರಾಜ ಬಂದು ಕೂತ.

ಅವರು ವಾಪಸ್ ಬರುವ ಹೊತ್ತಿಗೆ ಬೇಳೆ, ಹುರುಳಿಕಾಯಿ ಎರಡೂ ಕರಗಿ ಒಂದೇ ಬಣ್ಣಕ್ಕೆ ಬಂದಿದ್ದವು. ಎಷ್ಟು ಕೂಗಾಯಿತು ಅಂತ ಕೇಳಿದಳು. "ನೂರಕ್ಕೆ 82" ಅಂದೆ.

ಹತ್ತಲು 15,000 ಬೇಕು ಅಂತ ಫೈಲಿನಲ್ಲಿ ಬರೆದವನು ನಾನೇ. 12,000ಕ್ಕಿಂತ ಕೆಳಗೆ ಬಂದರೆ ಇಳಿಯಬೇಕು ಅಂತ ಪಕ್ಕದಲ್ಲೇ ಬರೆದವನೂ ನಾನೇ. ಇಳಿಯುವ ಕಾಲಂಗೆ ಬಣ್ಣ ಬಳಿದಿರಲಿಲ್ಲ, ಕಣ್ಣಿಗೆ ಬೀಳಲಿಲ್ಲ. ಹೋದದ್ದನ್ನು ಬೇಗ ವಾಪಸ್ ತರೋಣ ಅಂತ ನೇರ 5-10ಕ್ಕೆ ಹತ್ತಿದೆ. ಹನ್ನೊಂದು ದಿನದಲ್ಲಿ 3,200ಕ್ಕೆ ಬಂದೆ.

ಮತ್ತೆ 1-2. ಅಲ್ಲಿ ಹಳೇ ಮುಖಗಳೇ. ಮುಖ ಎಲ್ಲಿ, ಹಳೇ ಹುಲಿ ಚಿತ್ರ, ಹಳೇ ಕನ್ನಡಕದ ಕೋತಿ ಚಿತ್ರ. ಎಲ್ಲರೂ ಒಂದಲ್ಲ ಒಂದು ಸಲ ಮೇಲೆ ಹೋಗಿ ಬಂದವರೇ ಇರಬೇಕು.

ಫೋನಿನ ಆ ಗೆಳೆಯನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಇಂಥ ಆಟಗಳನ್ನು ನಿಷೇಧಿಸಿದಾಗ ನಾನು ತೆಪ್ಪಗಿದ್ದೆ. ಅವನು ಪ್ರತಿ ಭಾನುವಾರ ಅತ್ತಿಬೆಲೆ ದಾಟಿ ಹೊಸೂರಿನ ಒಂದು ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಆಡಿ ಬರುತ್ತಿದ್ದ. ಗಡಿ ದಾಟಿದರೆ ಆ್ಯಪ್ ತೆರೆಯುತ್ತಿತ್ತು. ಗೆದ್ದದ್ದು ಪೆಟ್ರೋಲಿಗೆ, ಸೋತದ್ದು ಕೈಯಿಂದ. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. ಪ್ರೇಮಿಗಳ ದಿನ ಅವನು ಮೊದಲು ಫೋನ್ ಮಾಡಿದ್ದು ನನಗೆ. ಹೆಂಡತಿಗಲ್ಲ.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. 2023ರಲ್ಲಿ ಗೆದ್ದದ್ದಕ್ಕೆ ನೂರಕ್ಕೆ 30 ತೆರಿಗೆ ಹಿಡಿಯುವ ಹೊಸ ಲೆಕ್ಕ ಬಂತು. ಅಕ್ಟೋಬರಿನಿಂದ ಹಾಕಿದ ದುಡ್ಡಿಗೂ ನೂರಕ್ಕೆ 28 ಜಿಎಸ್‌ಟಿ. ನಾನು ಹೊಸದಾಗಿ ಒಂದು ರೂಪಾಯಿಯನ್ನೂ ಹಾಕಲಿಲ್ಲ. ರಾತ್ರಿ ಅರ್ಧ ಗಂಟೆ, 1-2 ಟೇಬಲ್, ಕೈಗೆ ಒಳ್ಳೆ ಎಲೆ ಬರದಿದ್ದರೆ ಫೋಲ್ಡ್, ಅಂದರೆ ಎಲೆ ಬಿಟ್ಟು ಆ ಸಲ ಸುಮ್ಮನಿರೋದು. ಫೋಲ್ಡ್, ಫೋಲ್ಡ್, ಫೋಲ್ಡ್. ಬಟ್ಟೆ ಮಡಿಸಿದ ಹಾಗೆ.

2025ರ ಆಗಸ್ಟ್ 20ರ ರಾತ್ರಿ 14,970 ಆಯಿತು. ಮೂವತ್ತು ರೂಪಾಯಿ ಕಮ್ಮಿ. ಬೆರಳು 2-5ರ ಮೇಲೆ ಹೋಯಿತು. ಕುಕ್ಕರ್ ನೆನಪಾಯಿತು. ಈ ಸಲ ರೌಂಡ್ ಆಫ್ ಇಲ್ಲ, ನಾಳೆ ಮೂವತ್ತು ಗೆದ್ದು ಮರ್ಯಾದೆಯಾಗಿ ಹತ್ತೋಣ ಅಂತ ಮಲಗಿದೆ. ಅವತ್ತೇ ಲೋಕಸಭೆಯಲ್ಲಿ ಮಸೂದೆ ಪಾಸಾಗಿದ್ದನ್ನು ನಾನು ನೋಡಿರಲಿಲ್ಲ. 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಸಹಿ. ದುಡ್ಡಿನ ಆಟ ದೇಶಕ್ಕೆ ದೇಶವೇ ಬಂದ್. ಆ್ಯಪಿನಲ್ಲಿ ಉಳಿದದ್ದು ದುಡ್ಡು ವಾಪಸ್ ಪಡೆಯುವ ಬಟನ್ ಒಂದೇ.

ತೆರಿಗೆ ಕಳೆದು 13,000 ಚಿಲ್ಲರೆ ಬಂತು. ಗೌರಿ ಹಬ್ಬಕ್ಕೆ ಇಬ್ಬರಿಗೂ ಸೀರೆ ತಂದೆ. ಅಮ್ಮ ಸೆರಗು ಸವರಿ ನೋಡಿ, "ಮೇಲಿಂದ ಬಂದ ದುಡ್ಡಾ?" ಅಂದರು.

"ಇಲ್ಲಮ್ಮ, ಕೆಳಗಿಂದಲೇ."

ರಾತ್ರಿ ಗೆಳೆಯ ಫೋನ್ ಮಾಡಿದ. ಹೊಸೂರಿನಲ್ಲೂ ಇಲ್ವಂತೆ ಕಣೋ ಅಂತ ಗೋಳಾಡಿದ. ನಾನು ಮೂವತ್ತು ರೂಪಾಯಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೋ, ನನ್ನ ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನೋ?" ಅಂದ.